ಕೋಟೆಗೆ ಹೊಕ್ಕ ಕಳ್ಳ ಮತ್ತು ನಮ್ಮ ಅತ್ತೆಯವರು

ಕದ್ದು ಮುಚ್ಚಿ ಮಾಡಿದ ಯಾವ ಕೆಲಸವೂ ನನಗೆ ಈವರೆಗೆ ದಕ್ಕಿಲ್ಲ. ಸಣ್ಣವನಿದ್ದಾಗ ಉಂಡಿ ಡಬ್ಬಿಗೆ ಕೈ ಹಾಕಿದರೆ ಮುಚ್ಚಳ ಜಾರಿ ಬಿದ್ದು ಓಣಿಗೆಲ್ಲ ಕೇಳಿಸುತ್ತಿತ್ತು. ದೊಡ್ಡವನಾಗಿ ಗಣಿತದ ಮಾಸ್ತರನಾದ ಮೇಲೆ, ಹೆಂಡತಿಗೆ ಗೊತ್ತಾಗದಂತೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದರೆ, ಪಕ್ಕದಲ್ಲಿ ಅವಳ ಗೆಳತಿಯೇ ನಿಂತಿರುತ್ತಿದ್ದಳು. ಇಂಥವನು, ಯಾರ ಕಣ್ಣಿಗೂ ಬೀಳದಂತೆ ನಡೆಯುವುದೇ ಮುಖ್ಯವಾದ ಒಂದು ಹಳೆಯ ಕಂಪ್ಯೂಟರ್ ಆಟವನ್ನು ನಲವತ್ತು ದಾಟಿದ ಮೇಲೆ ಮತ್ತೆ ಆಡಲು ಕುಳಿತರೆ ಏನಾಗಬೇಕೋ ಅದೇ ಆಯಿತು.

ಎರಡು ವರ್ಷ ಮಳೆ ಕೈಕೊಟ್ಟಿದ್ದ ಬೇಸಿಗೆ ಅದು. ನಾನು ಪಾಠ ಮಾಡುವುದು ಔರಾದ್ ಕಡೆಯ ಒಂದು ಹೈಸ್ಕೂಲಿನಲ್ಲಿ, ಮನೆ ಬೀದರಿನಲ್ಲಿ. ನಮ್ಮ ಓಣಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು. ನನ್ನ ಕ್ಲಾಸಿನ ಅರ್ಧ ಹುಡುಗರು ಅವ್ವ ಅಪ್ಪನ ಜೊತೆ ಹೈದರಾಬಾದು, ಪುಣೆ ಅಂತ ಹೋಗಿಬಿಟ್ಟಿದ್ದರು. ಸಾಲಿ ಸೂಟಿ ಬಿಟ್ಟ ವಾರವೇ ಹಳೆಯ ಟ್ರಂಕಿನಲ್ಲಿ ನನಗೊಂದು ಸೀಡಿ ಸಿಕ್ಕಿತು. ಕಾಲೇಜು ಹಾಸ್ಟೆಲಿನಲ್ಲಿ ಐದು ಜನ ಒಂದೇ ಕಂಪ್ಯೂಟರಿನ ಸುತ್ತ ಮುತ್ತಿಕೊಂಡು ಆಡುತ್ತಿದ್ದ ಆಟ. ಒಬ್ಬ ಕಳ್ಳ, ಒಂದು ಕೋಟೆ. ಹೊಡೆದಾಟ ಇಲ್ಲ. ಪಹರೆಯವರ ಕಣ್ಣು ಕಿವಿ ತಪ್ಪಿಸಿ ಒಳಗೆ ಹೋಗಿ, ಹೇಳಿದ ವಸ್ತು ಎತ್ತಿಕೊಂಡು ಬರಬೇಕು. ಕಲ್ಲಿನ ಮೇಲೆ ಓಡಿದರೆ ಸಪ್ಪಳ, ಹುಲ್ಲಿನ ಮೇಲೆ ನಡೆದರೆ ಇಲ್ಲ. ಅದರ ಕೊನೆಯ ಲೆವೆಲ್ಲನ್ನು ನಮ್ಮ ಐವರಲ್ಲಿ ಯಾರೂ ದಾಟಿರಲಿಲ್ಲ. ಇಪ್ಪತ್ತು ವರ್ಷ ಆದರೂ ಅದು ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಕಾಡುತ್ತಿತ್ತು.

ಮಾಸ್ತರರ ಗುಳೆ

ಈಗಿನ ಲ್ಯಾಪ್‌ಟಾಪಿಗೆ ಸೀಡಿ ಹಾಕುವ ಬಾಯಿಯೇ ಇಲ್ಲ. ಭಾಲ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಹಾಸ್ಟೆಲ್ ಗೆಳೆಯನ ಹತ್ತಿರ ಅದೇ ಕಾಲದ ಕಂಪ್ಯೂಟರೊಂದು ಬಿದ್ದಿತ್ತು. ‘ಒಯ್ಯೋ ಮಾರಾಯ. ಈ ವರ್ಷ ಲಗ್ನನೂ ಇಲ್ಲ, ಫೋಟೋನೂ ಇಲ್ಲ,’ ಎಂದು ಕೊಟ್ಟ. ಹಿಂದೆ ನಗಾರಿ ಹಾಗೆ ಉಬ್ಬಿದ ಮಾನಿಟರ್, ಸಿಪಿಯು ಎರಡನ್ನೂ ಹಳೆಯ ಚಾದರದಲ್ಲಿ ಗಂಟು ಕಟ್ಟಿ, ಗಂಟನ್ನು ತಬ್ಬಿಕೊಂಡು ಬೀದರ್ ಬಸ್ ಹತ್ತಿದೆ.

ಹತ್ತಿದ ಕೂಡಲೆ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟಳು. ‘ಕೂಡ್ರಪ್ಪ. ಟಿವಿ ಸಹಿತ ಕಟಗೊಂಡು ಹೊಂಟಿ ಅಂದ್ರ ಪೂರಾ ಮನಿ ಎತ್ತೀದಿ ಅಂದಂಗಾತು. ಹೈದರಾಬಾದಿಗೋ, ಪುಣೆಕೋ?’

‘ಇಲ್ರಿ, ಬೀದರಿಗಿ.’

‘ಬೀದರಿನಾಗ ಏನ್ ಕೆಲಸ ಸಿಗ್ತದ? ಮುಂದ ಹೋಗು,’ ಎಂದು ಆಕೆ ಗಂಟಿನಿಂದ ಅರ್ಧ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಕೈಗಿಟ್ಟಳು. ಕಂಪ್ಯೂಟರ್ ಆಟ ಆಡಲು ಒಯ್ಯುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗಿ ರೊಟ್ಟಿ ತಿಂದೆ. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಒಬ್ಬರು ನನ್ನನ್ನೇ ನೋಡುತ್ತಿದ್ದರು. ನನ್ನ ವಿದ್ಯಾರ್ಥಿಯೊಬ್ಬನ ಕಾಕಾ. ಅವರು ಕಣ್ಣು ಒರೆಸಿಕೊಂಡರು.

ನಾನು ಮನೆ ಮುಟ್ಟುವುದರೊಳಗೆ ನಮ್ಮ ಹೆಡ್‌ಮಾಸ್ತರರ ಫೋನ್. ‘ಏನ್ರೀ ಇದು? ನೌಕರಿ ಬಿಟ್ಟು ಗುಳೇ ಹೊಂಟೀರಂತಲ್ಲ? ಊರೆಲ್ಲಾ ಮಾತಾಡ್ಲತ್ತಾರ!’

‘ಇಲ್ರಿ ಸರ್, ಹಂಗೇನಿಲ್ರಿ, ಸುಮ್ಮನ ಒಂದು ಕಂಪ್ಯೂಟರ್...’

‘ಹೋಗೋದಿದ್ರ ಹೋಗ್ರಿ, ತಡೀಲಾರೆ,’ ಎಂದರು ಗಂಭೀರವಾಗಿ. ‘ಆದ್ರ ಒಂಬತ್ತನೇ ಕ್ಲಾಸಿನ ಪೇಪರ್ ತಿದ್ದಿ ಕೊಟ್ಟು ಹೋಗ್ರಿ.’

ಬೆಕ್ಕು

ಆಟ ಶುರುವಾಯಿತು. ಹಾಸ್ಟೆಲಿನಲ್ಲಿ ನಮ್ಮ ಎದೆ ನಡುಗಿಸಿದ್ದ ಕೋಟೆಯ ಪಹರೆಯವನು ಈಗ ನೋಡಿದರೆ ಮಡಚಿ ಅಂಟಿಸಿದ ರಟ್ಟಿನ ಡಬ್ಬಿ. ಮೂಗು ತ್ರಿಕೋನ, ಬೆರಳು ಐದೂ ಕೂಡಿ ಒಂದೇ. ಇವನಿಗೆ ಹೆದರಿ ನಾವು ಬೆವರಿದ್ದೆವೇ ಅನ್ನಿಸಿತು. ಎರಡೇ ನಿಮಿಷದಲ್ಲಿ ಆ ಡಬ್ಬಿಯೇ ನನ್ನನ್ನು ಹಿಡಿದು ಹಾಕಿತು. ವಯಸ್ಸು ಅದಕ್ಕಾಗಿರಲಿಲ್ಲ, ನನ್ನ ಬೆರಳಿಗಾಗಿತ್ತು.

ಪಕ್ಕದ ಮನೆಯಲ್ಲಿ ರಿಟೈರ್ ಆದ ಪೊಲೀಸ್ ಜಮಾದಾರರಿದ್ದಾರೆ. ನಳ ಯಾವಾಗ ಬರುತ್ತದೆ ಎಂದು ಕೇಳಲು ಬಂದವರು ಪರದೆ ನೋಡಿ ಅಲ್ಲೇ ನಿಂತರು. ನನ್ನ ಕಳ್ಳ ಡ್ರಮ್ಮಿನ ಹಿಂದೆ ಕೂತಿದ್ದ. ಸಪ್ಪಳ ಕೇಳಿದ ಪಹರೆಯವನು ‘ಯಾರಲ್ಲಿ?’ ಎಂದು ಬಂದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಏನೂ ಇಲ್ಲ ಎಂದು ಹೇಳಿಕೊಂಡು ಹಿಂದಕ್ಕೆ ಹೋದ.

ಜಮಾದಾರರ ಮುಖ ಕೆಂಪಾಯಿತು. ‘ಡ್ರಮ್ಮಿನ ಹಿಂದ ನೋಡ್ಬಾರ್ದೇನು? ಇವನಿಗಿ ಟ್ರೇನಿಂಗ್ ಕೊಟ್ಟವ್ರ್ಯಾರು? ಸಾಹೇಬ ಎಲ್ಲಿದ್ದಾನ?’

ಮರುದಿನದಿಂದ ಅವರು ಊಟ ಮುಗಿಸಿ, ಕುರ್ಚಿ ತಂದು, ಕೋಟೆಯ ಕಾವಲಿನ ತಪಾಸಣೆಗೆಂದೇ ಬಂದು ಕೂಡತೊಡಗಿದರು. ಆಡುವವನು ನಾನು, ಅವರ ಪಕ್ಷ ಮಾತ್ರ ಪಹರೆಯವರದು. ನಾನು ಉಸಿರು ಬಿಗಿಹಿಡಿದು ಗೋಡೆ ಸವರಿಕೊಂಡು ಹೋಗುತ್ತಿದ್ದರೆ ಇವರು, ‘ಏ ತಮ್ಮಾ, ನಿನ್ನ ಬೆನ್ನ ಹಿಂದ ಹೊಂಟಾನ, ಹೊಳ್ಳೋ!’ ಎಂದು ಪರದೆಗೆ ಕೂಗುತ್ತಿದ್ದರು. ನಾನು ಸಿಕ್ಕಿಬಿದ್ದರೆ ‘ಶಾಬಾಸ್!’

ನನಗೂ ರೇಗಿತು. ‘ಅಲ್ರಿ ಜಮಾದಾರ್ರ, ನೀವು ಪಹರೆ ಮ್ಯಾಲ ಇದ್ದಾಗ ಸಪ್ಪಳ ಆದ್ರ ಏನ್ ಮಾಡ್ತಿದ್ರಿ?’

ಅವರು ಚಹಾದ ಬಸಿ ಕೆಳಗಿಟ್ಟರು. ನನ್ನ ಹೆಂಡತಿ ಒಳಗಿದ್ದಾಳೋ ಇಲ್ಲೋ ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು:

‘ರಜಿಸ್ಟರ್‌ನಾಗ ಬೆಕ್ಕು ಅಂತ ಬರದು ಮಲಗ್ತಿದ್ದೆ.’

ನೀರು

ಆ ವಾರವೇ ನಮ್ಮ ಅತ್ತೆಯವರು ಬಂದರು. ಅವರ ಊರು ಖಟಕ ಚಿಂಚೋಳಿ. ಹುಟ್ಟಿದಾಗಿನಿಂದ ಕುರಿಗಳ ಜೊತೆಗೇ ಬೆಳೆದವರು. ಆ ವರ್ಷ ಅಡವಿಯಲ್ಲಿ ಹುಲ್ಲಿಲ್ಲ, ಕೆರೆಯಲ್ಲಿ ನೀರಿಲ್ಲ. ನನ್ನ ಭಾವಮೈದುನ ಹಿಂಡು ಹೊಡೆದುಕೊಂಡು ಹೊಳೆ ದಂಡೆ ಹುಡುಕಿ ಮಹಾರಾಷ್ಟ್ರದ ಕಡೆ ಹೋದ. ಈ ಸಲ ಅವ್ವನ ಮೊಣಕಾಲು ಒಪ್ಪಲಿಲ್ಲವಾದ್ದರಿಂದ ಮಗಳ ಮನೆಗೆ ಕಳಿಸಿದ್ದ. ಆಕೆಗೆ ನಮ್ಮ ಮನೆ ಬೇಸರ. ಬೆಳಗ್ಗೆ ಎದ್ದು ಅಂಗಳಕ್ಕೆ ಬಂದು, ಎಣಿಸಲು ಏನೂ ಇಲ್ಲದೆ, ಎದುರು ಮನೆಯ ಕುಂಡಗಳನ್ನು ಎಣಿಸಿ ಒಳಗೆ ಹೋಗುತ್ತಿದ್ದರು. ಊಟವೂ ಅಷ್ಟಕ್ಕಷ್ಟೆ. ನನ್ನ ಹೆಂಡತಿ ದಿನಕ್ಕೆ ನಾಲ್ಕು ಸಲ, ‘ಅವ್ವ ಸೊರಗ್ಲತ್ತಾಳ ನೋಡ್ರಿ’ ಅನ್ನುತ್ತಿದ್ದಳು.

ಅವರ ಹಳೆಯ ರೂಢಿ ಏನೆಂದರೆ ಅಳಿಯನ ಎದುರು ಕೂಡಬಾರದು, ನೇರ ಮಾತಾಡಬಾರದು. ಮದುವೆಯಾಗಿ ಹನ್ನೊಂದು ವರ್ಷ ಆಗಿತ್ತು. ನಾನು ಪಕ್ಕದಲ್ಲೇ ನಿಂತಿದ್ದರೂ ‘ಅವರಿಗಿ ಹೇಳು, ಉಣ್ಣಾಕ ಬರಲಿ’ ಎಂದು ಮಗಳಿಗೆ ಹೇಳುತ್ತಿದ್ದರು. ಮಗಳು ನನಗೆ ಹೇಳುತ್ತಿದ್ದಳು. ನಾನು ‘ಬಂದೆ’ ಎಂದು ಮಗಳಿಗೆ ಹೇಳುತ್ತಿದ್ದೆ.

ನಾನು ಆಡುವಾಗ ಅವರು ಅಡುಗೆಮನೆಯ ಬಾಗಿಲಲ್ಲಿ, ಸೆರಗು ಹೊದ್ದು, ನನಗೆ ಬೆನ್ನಾಗಿ ಕೂತು, ಕುತ್ತಿಗೆ ಮಾತ್ರ ತಿರುಗಿಸಿ ಪರದೆ ನೋಡುತ್ತಿದ್ದರು. ಅವತ್ತು ನಳ ಬಂದು ಏಳು ದಿನ ಆಗಿತ್ತು. ಓಣಿಯ ಬಾಯಲ್ಲಿ ಟ್ಯಾಂಕರಿಗೆ ಕಾಯುತ್ತ ಕೊಡಗಳ ಸಾಲು. ಆಟದಲ್ಲಿ ನಮ್ಮ ಕಳ್ಳನ ಸೊಂಟಕ್ಕೆ ಒಂದು ನೀರಿನ ಚೀಲ ಇರುತ್ತದೆ. ಗೋಡೆಯ ಮೇಲಿನ ದೀವಟಿಗೆಗೆ ನೀರು ಎರಚಿ ಆರಿಸಿದರೆ ಕತ್ತಲಾಗಿ ಸಲೀಸಾಗಿ ದಾಟಬಹುದು. ನಾನು ಒಂದು ದೀವಟಿಗೆ ಆರಿಸಿದೆ. ಎರಡನೆಯದನ್ನೂ ಆರಿಸಿದೆ. ಮೂರನೆಯದಕ್ಕೆ ಗುರಿ ಹಿಡಿದಾಗ ಹಿಂದಿನಿಂದ ಗುಡುಗಿದಂಥ ದನಿ:

‘ಏ ಹಾಟ್ಯಾ! ನೀರು ಚೆಲ್ತೀಯಾ? ಕಣ್ಣು ಹೋಗ್ಯಾವೇನೋ ನಿನಗ!’

ನನ್ನ ಕೈ ಕೀಬೋರ್ಡಿನ ಮೇಲಿಂದ ಹಾರಿತು. ಹೆಂಡತಿ ಲಟ್ಟಣಿಗೆ ಹಿಡಿದೇ ಓಡಿ ಬಂದಳು. ಜಮಾದಾರರು ಎದ್ದು ನಿಂತರು. ಹನ್ನೊಂದು ವರ್ಷದಲ್ಲಿ ಅತ್ತೆಯವರು ನನ್ನ ಕಡೆ ತಿರುಗಿ ಆಡಿದ ಮೊದಲ ಮಾತು ಅದು. ಅವರಿಗೂ ಅದು ಹೊಳೆದು, ಸೆರಗು ಮೂಗಿನ ತನಕ ಎಳೆದುಕೊಂಡರು. ಕೊನೆಗೆ ಸೆರಗಿನ ಒಳಗಿಂದ ಸಣ್ಣ ದನಿ ಬಂತು:

‘ಅವರಿಗಿ ಹೇಳವ್ವ, ನಾ ಅಂದದ್ದು ಆ ಕಳ್ಳಗ.’

ಖರೇ ಮಾತು

ಅಲ್ಲಿಂದ ಒಂದು ದಾರಿ ತೆರೆಯಿತು. ಅಳಿಯನ ಜೊತೆ ಮಾತಾಡುವಂತಿಲ್ಲ, ಕಳ್ಳನ ಜೊತೆ ಮಾತಾಡಲು ಅಡ್ಡಿಯಿಲ್ಲವಲ್ಲ. ‘ಏ ಕಳ್ಳಾ, ಸ್ವಲ್ಪ ತಡಿ. ಅವ ಹೊಳ್ಳಲಿ.’ ‘ಕಲ್ಲ ಮ್ಯಾಲ ಹೆಜ್ಜಿ ಇಡಬ್ಯಾಡ, ಹುಲ್ಲಿನ ಕಡಿ ಸರಿ.’ ನಾನು ಕಳ್ಳನ ಪರವಾಗಿ ಕೇಳುತ್ತಿದ್ದೆ. ನೀರು ಮುಟ್ಟುವಂತಿಲ್ಲ ಎಂಬ ಕರಾರಿನ ಮೇಲೆ ದಿನಕ್ಕೊಂದು ಲೆವೆಲ್ ದಾಟತೊಡಗಿದೆವು. ತೋಳ ಹಿಂಡಿಗೆ ಹ್ಯಾಗೆ ಬರುತ್ತದೆ ಎಂದು ಐವತ್ತು ವರ್ಷ ಕಾದು ನೋಡಿದವರಿಗೆ ರಟ್ಟಿನ ಪಹರೆಯವರು ಯಾವ ಲೆಕ್ಕ! ಹಾಗಂತ ಅವರ ಮೇಲೆ ಕನಿಕರವೂ ಇತ್ತು. ‘ಪಾಪ, ಮುಂಜಾನಿಂದ ನಿಂತೇ ಇದ್ದಾನ. ಉಂಡಾನೋ ಇಲ್ಲೋ.’

ಅತ್ತೆಯವರ ಊಟ ಸರಿಹೋಯಿತು. ಕುಂಡ ಎಣಿಸುವುದು ನಿಂತಿತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಭಾವಮೈದುನ ಎಲ್ಲೋ ಹೊಳೆ ದಂಡೆಯಿಂದ ಫೋನ್ ಮಾಡಿದ. ಅತ್ತೆಯವರ ಕಣ್ಣು ಪರದೆಯ ಮೇಲೆ, ಫೋನು ಕಿವಿಗೆ.

‘ಏನ್ ಮಾಡ್ಲತ್ತಿ ಅವ್ವಾ?’

‘ಕಳುವು ಮಾಡ್ಲತ್ತೀವಪ್ಪ.’

ಆ ಕಡೆ ಕುರಿಗಳ ದನಿಯನ್ನೂ ಮೀರಿಸಿ ಅವನು ಕೂಗಿದ: ‘ಯಾರ್ ಜೋಡಿ?’

‘ಅಳಿಯಾರ ಜೋಡಿ. ಪೊಲೀಸ್ರೂ ಇಲ್ಲೇ ಕುಂತಾರ. ಈಗ ಇಡು, ಕೆಲಸ ಭಾಳ ಅದ.’

ಮರುದಿನ ನಸುಕಿನಲ್ಲಿ ಬಾಗಿಲು ಬಡಿದ ಸಪ್ಪಳ. ತೆರೆದರೆ ಭಾವಮೈದುನ. ಹೆಗಲ ಮೇಲೆ ಕಂಬಳಿ, ಕಾಲೆಲ್ಲ ಧೂಳು, ಕಣ್ಣು ಕೆಂಪು. ಹಿಂಡನ್ನು ಜೊತೆಗಾರರಿಗೆ ಒಪ್ಪಿಸಿ, ಸಿಕ್ಕ ಲಾರಿ ಹತ್ತಿ ಬಂದಿದ್ದ. ನನ್ನ ಎರಡೂ ಕೈ ಹಿಡಿದುಕೊಂಡ.

‘ಮಾವಾರ, ಇಷ್ಟು ತ್ರಾಸ ಇದ್ರ ನನಗೊಂದು ಮಾತು ಹೇಳ್ಬಾರ್ದೇನ್ರಿ? ಎರಡು ಕುರಿ ತಂದು ಕಟ್ತಿದ್ದೆ. ಅವ್ವನ ಯಾಕ ಕರ್ಕೊಂಡು ಹೋದ್ರಿ? ಆಕಿಗಿ ಮೊಣಕಾಲು ನೋವು, ಓಡ್ಲಿಕ್ಕೆ ಆಗಂಗಿಲ್ರಿ!’

ನಾಯಿ

ಕೊನೆಯ ಲೆವೆಲ್ ಬಂತು. ರಾಜನ ಮಂಚದ ಪಕ್ಕದ ಪೆಟ್ಟಿಗೆಯಿಂದ ಮುತ್ತಿನ ಹಾರ ತರಬೇಕು. ದಾರಿಯಲ್ಲಿ ಮೂವರು ಪಹರೆಯವರು, ಕೊನೆಯ ಬಾಗಿಲಿಗೆ ಒಂದು ನಾಯಿ. ಆಟವನ್ನು ನಡುವೆ ಎಲ್ಲೂ ಸೇವ್ ಮಾಡಿ ಉಳಿಸಿಕೊಳ್ಳುವಂತಿಲ್ಲ, ಸಿಕ್ಕಿಬಿದ್ದರೆ ಮೊದಲಿನಿಂದ. ಹಾಸ್ಟೆಲಿನಲ್ಲಿ ನಮ್ಮೆಲ್ಲರನ್ನೂ ಸೋಲಿಸಿದ್ದು ಆ ನಾಯಿಯೇ. ಎರಡು ದಿನದಲ್ಲಿ ಅದು ನನ್ನನ್ನು ನಲವತ್ತು ಸಲವಾದರೂ ಹಿಡಿದಿತ್ತು.

ಅತ್ತೆಯವರ ತಾಳ್ಮೆ ಮುಗಿಯಿತು. ‘ಅವರಿಗಿ ಸರೀ ಅನ್ನು,’ ಎಂದು ಮಗಳಿಗೆ ಹೇಳಿ ಎದ್ದು ಬಂದರು. ನಾನು ಎದ್ದು ಗೋಡೆಗೆ ನಿಂತೆ. ಯಾವ ಬಟನ್ ಏನು ಎಂದು ನೋಡಿ ನೋಡಿ ಅವರಿಗೆ ಗೊತ್ತಾಗಿತ್ತು. ಒಂದೇ ಬೆರಳಿನಿಂದ, ಬಿಸಿ ಹಂಚು ಮುಟ್ಟಿ ನೋಡುವ ಹಾಗೆ ಒತ್ತುತ್ತ ಮೊದಲ ಪಹರೆ ದಾಟಿಸಿದರು, ಎರಡನೆಯದು ದಾಟಿಸಿದರು, ಮೂರನೆಯವನ ಬೆನ್ನ ಹಿಂದೆಯೇ ನಡೆಸಿಕೊಂಡು ಹೋದರು. ಜಮಾದಾರರು ಪಹರೆಯವರಿಗೆ ಸುಳುಹು ಕೊಡುವುದನ್ನು ಬಿಟ್ಟು ಕುರ್ಚಿಯ ಅಂಚಿಗೆ ಬಂದಿದ್ದರು. ನಾಯಿ ಗುರ್ ಎಂದು ಎದ್ದಿತು.

‘ಓಡಸ್ರಿ!’ ಎಂದೆ ನಾನು.

ಅವರು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕಳ್ಳ ಕಂಬದ ಹಾಗೆ ನಿಂತ. ನಾಯಿ ಹತ್ತಿರ ಬಂತು, ಸುತ್ತ ತಿರುಗಿತು, ಮೂಸಿತು. ನನ್ನ ಹೆಂಡತಿ ನನ್ನ ಅಂಗಿ ಹಿಡಿದಿದ್ದಳು. ಹೊರಗೆ ಟ್ಯಾಂಕರ್ ಬಂದ ಹಾರ್ನ್ ಕೇಳಿಸಿತು, ನಾವು ಒಬ್ಬರೂ ಕದಲಲಿಲ್ಲ. ನಾಯಿ ಒಮ್ಮೆ ಆಕಳಿಸಿ, ಹೋಗಿ, ಮಲಗಿತು. ಇಪ್ಪತ್ತು ವರ್ಷದ ಹಿಂದೆ ಐದು ಜನ ಓದಿದವರಿಗೆ ಸುಮ್ಮನೆ ನಿಲ್ಲಬೇಕೆಂದು ಹೊಳೆದಿರಲಿಲ್ಲ.

ಕಳ್ಳ ಒಳಗೆ ಹೋದ. ಪೆಟ್ಟಿಗೆ ತೆರೆಯಿತು. ಹಾರ ಥಳಥಳ ಹೊಳೆಯಿತು. ‘ಆ ದೊಡ್ಡ ಬಟನ್ ಒತ್ತಲಿಕ್ಕೆ ಹೇಳು,’ ಎಂದೆ ಹೆಂಡತಿಗೆ.

ಅತ್ತೆಯವರು ಒತ್ತಲಿಲ್ಲ. ‘ಯಾರದವ್ವ ಇದು?’

‘ರಾಜಂದವ್ವ.’

‘ಇವಗೇನು ಆಗಬೇಕು ಅವ?’

‘ಏನೂ ಆಗಬೇಕಾಗಿಲ್ಲ. ಆಟ ಅಲ್ಲೇನವ್ವ, ತಗೊಂಡ್ರ ಗೆದ್ದಂಗ.’

‘ಆಟ ಅಂದ್ರ ಮಂದೀದು ನಮ್ಮದಾಗ್ತದೇನು? ನೋಡಿ ಆತಲ್ಲ, ಸಾಕು.’

ಎಂದವರೇ ಕಳ್ಳನನ್ನು ಹೊರಳಿಸಿದರು. ನಾನು ‘ಅಯ್ಯಯ್ಯೋ’ ಎನ್ನುತ್ತಿದ್ದಂತೆ ನಾಯಿಯನ್ನು ದಾಟಿಸಿ, ಮೂವರು ಪಹರೆಯವರನ್ನೂ ಮತ್ತೆ ದಾಟಿಸಿ, ಬರಿಗೈಯಲ್ಲಿ ಕೋಟೆಯ ಹೊರಗೆ ತಂದು ಗೇಟಿನ ಮುಂದೆ ನಿಲ್ಲಿಸಿದರು. ಅಂಥದ್ದನ್ನು ಆಟ ಬರೆದವರೂ ಎಣಿಸಿರಲಿಕ್ಕಿಲ್ಲ. ಗೆದ್ದೆ ಅನ್ನಲಿಲ್ಲ, ಸೋತೆ ಅನ್ನಲಿಲ್ಲ, ಪರದೆ ಸುಮ್ಮನೆ ನಿಂತಿತು.

ಜಮಾದಾರರು ನಿಧಾನಕ್ಕೆ ಎದ್ದರು. ‘ಸರ್, ಮೂವತ್ತು ವರ್ಷ ಸರ್ವಿಸ್ ಮಾಡೇನಿ. ಇವನ ಮ್ಯಾಲ ಏನಂತ ಕೇಸ್ ಹಾಕಬೇಕೋ ನನಗ ತಿಳೀವಲ್ದು.’

ಅತ್ತೆಯವರಿಗೆ ಅದರ ಚಿಂತೆ ಇರಲಿಲ್ಲ. ಗೇಟಿನ ಮುಂದೆ ಕೈಕಟ್ಟಿ ನಿಂತ ಕಳ್ಳನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ನಿಟ್ಟುಸಿರು ಬಿಟ್ಟು, ಮೊಣಕಾಲು ಹಿಡಿದುಕೊಂಡು ಏಳುತ್ತ ಮಗಳಿಗೆ ಹೇಳಿದರು:

‘ಛಲೋ ಹುಡುಗ ಇದ್ದಾನ, ಕೆಲಸ ಇಲ್ದೆ ಕೆಟ್ಟಾನ. ನಾಳೆ ಹೈದರಾಬಾದ್ ಬಸ್ಸಿಗಿ ಕೂಡಸ್ಲಿಕ್ಕೆ ಹೇಳವ್ವ, ಸೆಂಟ್ರಿಂಗ್ ಕೆಲಸ ಆದ್ರೂ ಕಲೀತಾನ.’