ಹಗೇವಿನ ಮೇಲೆ ಕಾವು ಕೂತ ಗಾದಿಲಿಂಗಪ್ಪ

ಎರಡನೇ ಮಹಾಯುದ್ಧ ನಡೆದ ಆ ವರ್ಷಗಳಲ್ಲಿ ಯಲಬುರ್ಗಿಯ ಗಾದಿಲಿಂಗಪ್ಪನವರಿಗೆ ಇದ್ದದ್ದು ಎರಡೇ ಭಯ. ಒಂದು ನಿಜಾಮ ಸರಕಾರದ ಲೇವಿ. ಇನ್ನೊಂದು ಐದು ವರ್ಷದ ಮೊಮ್ಮಗಳು ಹಂಪಿ. ಲೇವಿಯವರು ಎಕರೆಗೆ ಇಷ್ಟು ಎಂದು ಜೋಳ ಅಳೆದುಕೊಂಡು ಹೋಗುತ್ತಿದ್ದರು. ಅದಕ್ಕೊಂದು ಅಳತೆಯಾದರೂ ಇತ್ತು. ಹಂಪಿಯ ಬಾಯಿಗೆ ಅದೂ ಇರಲಿಲ್ಲ.

ಹಂಪವ್ವ ಎಂಬುದು ಅವಳ ಪೂರ್ತಿ ಹೆಸರು. ಕಂಡದ್ದನ್ನು ಕಂಡ ಕೂಡಲೇ ಓಣಿಗೆಲ್ಲ ಕೇಳುವಂತೆ ಹೇಳುವುದು ಅವಳ ಸ್ವಭಾವ. ಒಂದು ಮಧ್ಯಾಹ್ನ ಅವಳ ಅಪ್ಪ ಬಾಲಪ್ಪ ಗೊರಕೆ ಹೊಡೆಯುತ್ತ ಮಲಗಿದ್ದಾಗ ಬೀಗರು ಬಂದು, "ನಿಮ್ಮಪ್ಪ ಎಲ್ಲಿ ಅದಾನವಾ?" ಎಂದು ಕೇಳಿದರು. "ಒಳಗ ನಿದ್ದ್ಯಾಗ ಬಂಡಿ ಹೊಡ್ಯಾಕತ್ಯಾನ್ರಿ. ಏರು ಬಂದೈತಿ, ಎತ್ತು ಭಾಳ ತೇಕಾಕತ್ತಾವ," ಎಂದಳು. ಬೀಗರು ನಗುತ್ತ ಊರಿಗೆ ಹೋದರು. ನಾಕು ಹಳ್ಳಿಗಳಲ್ಲಿ ಬಾಲಪ್ಪನಿಗೆ ನಿದ್ದೆಗಾಡಿ ಬಾಲಪ್ಪ ಎಂಬ ಬಿರುದು ಬಂತು.

ಗಾದಿಲಿಂಗಪ್ಪನವರಿಗೂ ಸಿಗುವುದು ಸಿಕ್ಕಿತ್ತು. ಆ ಬೇಸಿಗೆ ಅವರು ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೋಗಿದ್ದರು. ದಾರಿಯಲ್ಲಿ ಕಟಕ್ ರೊಟ್ಟಿ ಕಡಿಯುವಾಗ ಮುಂದಿನ ಹಲ್ಲೊಂದು ರೊಟ್ಟಿಯ ಪಕ್ಷ ಸೇರಿತು. ಮನೆಗೆ ಬಂದು ಭಸ್ಮ ಹಚ್ಚಿಕೊಂಡು, ಮಹಾತಪಸ್ವಿಯಂತೆ ಕಟ್ಟೆಯ ಮೇಲೆ ಕೂತು, ಕಾಲಿಗೆ ಬೀಳಲು ಬಂದವರಿಗೆ ಮಲ್ಲಯ್ಯನ ಮಹಿಮೆ ಹೇಳುತ್ತಿದ್ದಾಗ ಹಂಪಿ ಅವರ ಬಾಯಿಯನ್ನೇ ನೋಡುತ್ತಿದ್ದಳು.

"ಅಜ್ಜಾ, ಮಂದಿ ದೇವರಿಗೆ ಕೂದಲಾ ಕೊಟ್ಟು ಬರ್ತಾರ. ನೀ ಹಲ್ಲು ಕೊಟ್ಟು ಬಂದೇನು?"

ಕಾಲಿಗೆ ಬೀಳಲು ಬಗ್ಗಿದವರು ನಗುತ್ತ ಅಲ್ಲೇ ಕೂತುಬಿಟ್ಟರು. ಮಹಿಮೆ ಅರ್ಧಕ್ಕೇ ನಿಂತಿತು.

ಯಾತ್ರೆಯ ದಣಿವು ಇಳಿಯುವ ಮೊದಲೇ ಸುದ್ದಿ ಬಂತು: ಲೇವಿ ಸಾಹೇಬರು ಯಲಬುರ್ಗಿಗೆ ಬರುತ್ತಾರೆ, ಮನೆ ಮನೆ ಹೊಕ್ಕು ನೋಡುತ್ತಾರೆ. ಗಾದಿಲಿಂಗಪ್ಪನವರ ಅಂಗಳದ ನೆಲದೊಳಗೆ ಒಂದು ಹಗೇವು ಇತ್ತು. ಕೊಡದ ಹಾಗೆ ದೊಡ್ಡ ಹೊಟ್ಟೆ, ಸಣ್ಣ ಬಾಯಿ. ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಸಗಣಿ ಸಾರಿಸಿಬಿಟ್ಟರೆ ಕೆಳಗೆ ಜೋಳ ಇದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಹೋದ ಸುಗ್ಗಿಯ ಬಿಳಿಜೋಳವನ್ನು ಅವರು ಕೈಯಾರೆ ಅದರಲ್ಲಿ ತುಂಬಿಸಿದ್ದರು.

ಅವರಿಗೆ ಒಂದು ದಿವ್ಯವಾದ ಉಪಾಯ ಹೊಳೆಯಿತು. ಹಗೇವಿನ ಬಾಯಿಯ ಮೇಲೆ ಹಗ್ಗ ಹೆಣೆದ ಮಂಚ, ಅಂದರೆ ಹೊರಸು, ಹಾಕಿಸಿದರು. ಹೊರಸಿನ ಮೇಲೆ ತಾವು ಕೂತರು. ಕೂತವರು ಏಳಲೇ ಇಲ್ಲ. ಊಟ ಅಲ್ಲಿಗೇ, ತಾಂಬೂಲ ಅಲ್ಲಿಗೇ. ಯಲಬುರ್ಗಿಯ ಬೇಸಿಗೆಯ ಬಿಸಿಲು ಎಂದರೆ ಸಾಮಾನ್ಯವೇ? ಮಧ್ಯಾಹ್ನ ಅವರ ತಲೆ ಹಂಚಿನ ಹಾಗೆ ಕಾಯುತ್ತಿತ್ತು. ಹೆಂಡತಿ ಮುದಕಮ್ಮ ಬಾಗಿಲಲ್ಲಿ ನಿಂತು ಕರೆದಳು.

"ಏನ್ರಿ, ಒಳಗರೆ ಬರ್ರಿ. ಉರಿಬಿಸಲಾಗ ಯಾಕ ಸುಟ್ಕೊಳ್ಳಾಕತ್ತೀರಿ?"

"ನಿನಗ ತಿಳಿಯೂದಿಲ್ಲ ಸುಮ್ನಿರು. ಇದು ಗಂಡಸರ ವ್ಯವಹಾರ."

ಮುದಕಮ್ಮ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಗಂಡನ ಮುಖ ನೋಡಿ ಮುಚ್ಚಿಕೊಂಡು ಒಳಗೆ ಹೋದಳು. (ಆ ಬಾಯಿಯನ್ನು ಅಂದು ಪೂರ್ತಿ ತೆರೆಯಲು ಬಿಟ್ಟಿದ್ದರೆ ಗಾದಿಲಿಂಗಪ್ಪನವರ ಮಾನ ಉಳಿಯುತ್ತಿತ್ತು.)

ಹಂಪಿ ಹೊರಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಗ್ಗಿ ಕೆಳಗೆ ನೋಡಿದಳು.

"ಅಜ್ಜಾ, ನಸೀಮಾಬಿ ಮನ್ಯಾಗೂ ಕೋಳಿ ಕಾವಿಗೆ ಕುಂತೈತಿ. ಅದರ ಮರಿ ನಾಳೆ ಹೊರಗ ಬರ್ತಾವಂತ. ನಿನ್ನವು ಯಾವಾಗ?"

ನಸೀಮಾಬಿ ಎಂದರೆ ಪಕ್ಕದ ಮನೆಯಾಕೆ. ಗೋಡೆಯ ಆಚೆಯಿಂದ ಆಕೆಯ ನಗು ಕೇಳಿಸಿತು. ಈ ಹುಡುಗಿಯ ಬಾಯಿಗೂ ಒಂದು ಚಪ್ಪಡಿ ಮುಚ್ಚದಿದ್ದರೆ ಕೆಲಸ ಕೆಡುತ್ತದೆ ಎಂದು ಗಾದಿಲಿಂಗಪ್ಪನವರಿಗೆ ಅರಿವಾಯಿತು. ಮೊಮ್ಮಗಳನ್ನು ಹೊರಸಿನ ಮೇಲೆ ಕೂಡಿಸಿಕೊಂಡು, ಬೆಲ್ಲದ ಚೂರು ಕೊಟ್ಟು ಪಾಠ ಶುರು ಮಾಡಿದರು.

"ನೋಡವಾ ಹಂಪಿ, ಲೇವಿ ಬರತೈತಿ."

"ಲೇವಿಗೆ ಎಷ್ಟು ಕಾಲಿರ್ತಾವಜ್ಜಾ?"

"ಕಾಲಿನ ಮಾತು ಬಿಡು. ಬಂದವರ ಮುಂದ ಹಗೇವಿನ ಮಾತು ಎತ್ತಬಾರದು. ತಾವಾಗಿ ಕೇಳಿದ್ರ, ಅದರಾಗ ಏನೂ ಇಲ್ಲ ಅನಬೇಕು."

"ಅದರಾಗ ಏನೂ ಇಲ್ಲ."

"ಶಾಭಾಸ್!"

"ಖರೇನ ಏನೂ ಇಲ್ಲಜ್ಜಾ."

"ಹಾಂ! ಹಂಗ, ಅದಾ ಮುಖ ಮಾಡಿ ಹೇಳಬೇಕು!" ಮೊಮ್ಮಗಳ ಮುಖದ ಮೇಲಿನ ಪ್ರಾಮಾಣಿಕತೆಯನ್ನು ಕಂಡು ಅವರಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ತಮ್ಮ ವಂಶದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳುವವರು ಈ ಮೊದಲು ಹುಟ್ಟಿರಲಿಲ್ಲ.

ಹಂಪಿ ಬೆಲ್ಲ ಚೀಪುತ್ತ ಯೋಚಿಸಿದಳು. "ಸುಳ್ಳು ಹೇಳಿದ್ರ ನಾಲಿಗಿ ಮ್ಯಾಲ ಗುಳ್ಳಿ ಏಳ್ತಾವ ಅಂದಿದ್ದಿ. ಗುಳ್ಳಿ ಹೇಳಿದವರಿಗೆ ಏಳ್ತಾವೋ, ಹೇಳಿಸಿದವರಿಗೆ ಏಳ್ತಾವೋ?"

"ಇದು ಸುಳ್ಳಲ್ಲವಾ. ಇಂಥಾ ಜಾಣತನಕ್ಕ ಹಿಕಮತ್ತು ಅಂತಾರ."

ಅಂದು ಸಂಜೆಯೇ ಬೆಲ್ಲದ ಗಡಿಗೆ ಖಾಲಿಯಾಯಿತು. ಹಂಪಿಯ ತಾಯಿ ಅನ್ನಮ್ಮ ಸಿಟ್ಟಿನಿಂದ ಕೇಳಿದಾಗ ಹಂಪಿ ಗಲ್ಲಕ್ಕೆಲ್ಲ ಬೆಲ್ಲ ಮೆತ್ತಿಕೊಂಡು, "ನಾ ತಿಂದಿಲ್ಲವಾ. ಇದು ಸುಳ್ಳಲ್ಲ, ಹಿಕಮತ್ತು. ಅಜ್ಜ ಕಲಿಸ್ಯಾನ," ಎಂದಳು. ಅಂದು ಮಾವನ ಚಹಾಕ್ಕೆ ಬೆಲ್ಲ ಬೀಳಲಿಲ್ಲ.

ಲೇವಿ ಸಾಹೇಬರು ಒಂದು ಮುಂಜಾನೆ ಕುದುರೆ ಏರಿ ಬಂದರು. ತೆಳ್ಳಗಿನ, ನಗುಮುಖದ ಮನುಷ್ಯ. ಹಿಂದೆ ಇಬ್ಬರು ಚಪ್ರಾಸಿಗಳು. ಹಂಪಿ ಓಡಿ ಬಂದು ಸಾಹೇಬರನ್ನು ಮೇಲಿಂದ ಕೆಳಗೆ ನೋಡಿ, ನಿರಾಶೆಯಿಂದ ಕೂಗಿದಳು:

"ಅಜ್ಜಾ, ಲೇವಿಗೆ ಎರಡಾ ಕಾಲು!"

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಏನ ಬೇಟಾ ನಿನ್ನ ಹೆಸರು?" ಎಂದು ಗಲ್ಲ ಹಿಡಿದು ಕೇಳಿದರು.

"ಹಂಪವ್ವ ರೀ. ಹಗೇವಿನ ಮಾತು ಎತ್ತಬಾರದು ಅಂತ ಅಜ್ಜ ಹೇಳ್ಯಾನ್ರಿ."

ಗಾದಿಲಿಂಗಪ್ಪನವರಿಗೆ ಭಯಂಕರ ಕೆಮ್ಮು ಬಂತು. ಸಾಹೇಬರು ಕೆಮ್ಮು ನಿಲ್ಲುವವರೆಗೆ ಸಮಾಧಾನದಿಂದ ಕಾಯ್ದರು.

"ಯಾವ ಹಗೇವು ಬೇಟಾ?"

"ಹೊರಸಿನ ಕೆಳಗಿಂದು ರೀ. ಆದ್ರ ಅದರಾಗ ಏನೂ ಇಲ್ರಿ. ಖರೇನ ಏನೂ ಇಲ್ರಿ."

"ಯಜಮಾನ್ರ," ಎಂದರು ಸಾಹೇಬರು, "ಸ್ವಲ್ಪ ಏಳ್ರಿ."

"ಸೊಂಟ ಹಿಡದೈತ್ರಿ ಸಾಹೇಬ್ರ. ಏಳಾಕ ಬರೂದಿಲ್ಲ."

"ಮುಂಜಾನೆ ನೆಟ್ಟಗಿತ್ತಲ್ಲಜ್ಜಾ?" ಎಂದು ಹಂಪಿ ಕಾಳಜಿಯಿಂದ ಅವರ ಸೊಂಟ ಮುಟ್ಟಿ ನೋಡಿದಳು.

ಚಪ್ರಾಸಿಗಳು ಹೊರಸನ್ನು ಗಾದಿಲಿಂಗಪ್ಪನವರ ಸಮೇತ ಎತ್ತಿ, ಮದುವಣಿಗನ ಮೆರವಣಿಗೆಯಂತೆ ಪಕ್ಕಕ್ಕೆ ಇಟ್ಟರು. ಮಣ್ಣು ಕೆರೆದರು, ಚಪ್ಪಡಿ ಸರಿಸಿದರು. ಓಣಿಯ ಮಂದಿ ಗೋಡೆಯ ಮೇಲೆ, ಬಾಗಿಲಲ್ಲಿ, ಕಟ್ಟೆಯ ಮೇಲೆ ನೆರೆದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಗಾದಿಲಿಂಗಪ್ಪ ಕಣ್ಣು ಮುಚ್ಚಿ ಮಲ್ಲಯ್ಯನನ್ನು ನೆನೆದರು.

"ಸಾಬ್," ಎಂದ ಚಪ್ರಾಸಿ, "ಒಳಗ ಏನೂ ಇಲ್ಲ."

ಮಲ್ಲಯ್ಯ ಇಷ್ಟು ಬೇಗ ಓಗೊಡುತ್ತಾನೆಂದು ಗಾದಿಲಿಂಗಪ್ಪ ಎಣಿಸಿರಲಿಲ್ಲ. ಹಿಗ್ಗಬೇಕಾದ ಮನುಷ್ಯ ಹಿಡಿದ ಸೊಂಟವನ್ನು ಮರೆತು ಹೊರಸಿನಿಂದ ಜಿಗಿದು, ಹಗೇವಿನ ಬಾಯಿಗೆ ತಲೆ ತುರುಕಿ, "ಅಯ್ಯಯ್ಯೋ! ನನ್ನ ಜೋಳ! ಯಾರ ಒಯ್ದರೋ ನನ್ನ ಜೋಳಾ!" ಎಂದು ಬೊಬ್ಬೆ ಹೊಡೆದರು.

ಮುದಕಮ್ಮ ಸೆರಗು ಸಾವರಿಸಿಕೊಂಡು ಬಂದು ತಾನೂ ಬಗ್ಗಿದಳು.

"ಅಯ್ಯ, ಕಸಬರಿಗಿ ಇಲ್ಲೇ ಉಳದೈತಿ ನೋಡ! ನಾ ಎಲ್ಲಿ ಬೇಕಲ್ಲಿ ಹುಡಿಕಿದ್ದೆ."

ಗಾದಿಲಿಂಗಪ್ಪ ಹೆಂಡತಿಯತ್ತ ತಿರುಗಿದರು.

"ಹಿಂಗ್ಯಾಕ ನೋಡ್ತೀರಿ?" ಎಂದಳು ಮುದಕಮ್ಮ. "ಶ್ರೀಶೈಲಕ್ಕ ಹೋಗೋ ಮುಂದ ಹೊಸ್ತಲದಾಗ ನಿಂತು, ನಾ ಬರೂತನ ದಾನಧರ್ಮ ಮಾಡಕೋತ ಇರು ಅಂದ್ರಿಲ್ಲ? ಓಣ್ಯಾಗ ಬಡವರ ಮನ್ಯಾಗ ಒಲೀನ ಹತ್ತತಿದ್ದಿಲ್ಲ. ನಾನೂ ಬಾಲನೂ ಹಗೇವು ತೆಗೆದು ಅವರಿಗೆಲ್ಲಾ ಕೊಟ್ವಿ. ಹೊರಸು ಹಾಕಿಸಿದ ದಿನಾನ ಹೇಳಾಕ ಬಂದೆ. ಗಂಡಸರ ವ್ಯವಹಾರ ಅಂದ್ರಿ."

ಗಾದಿಲಿಂಗಪ್ಪ ಆ ಮಾತು ಆಡಿದ್ದು ನಿಜ. ಹೊಸ್ತಿಲು ದಾಟುವ ಯಾತ್ರಿಕರೆಲ್ಲ ಆಡುವ ಮಾತು ಅದು. ಬಾಗಿಲಿಗೆ ಬಂದ ಜಂಗಮನಿಗೆ ಒಂದು ಹಿಡಿ ಜೋಳ ಹಾಕು ಎಂಬುದು ಅದರ ತಾತ್ಪರ್ಯ. ಅವರು ಬಾಲಪ್ಪನನ್ನು ನೋಡಿದರು. ಬಾಲಪ್ಪ ಎತ್ತಿನ ಕೊಂಬು ಸವರತೊಡಗಿದ. ಗೋಡೆಯ ಮೇಲಿದ್ದವರನ್ನು ನೋಡಿದರು. ಒಂದೊಂದು ಮುಖದಲ್ಲೂ ತಮ್ಮ ಬಿಳಿಜೋಳದ ಹೊಳಪು ಕಂಡಿತು. ಉರಿಬಿಸಿಲಲ್ಲಿ ಯಾರಿಂದ ಯಾವುದನ್ನು ಮುಚ್ಚಿಟ್ಟುಕೊಂಡು ಕೂತಿದ್ದೆ ಎಂದು ಯೋಚಿಸಿ ಅವರಿಗೆ ತಮ್ಮ ಮೇಲೆಯೇ ನಗು ಬಂತು. ನಗಲು ಹೋದರೆ ಅಳು ಬಂತು.

ನಸೀಮಾಬಿ ಗೋಡೆಯಾಚೆಯಿಂದ ಹೇಳಿದಳು. "ಹೌದ್ರಿ ಸಾಬ್, ಇವರ ಜೋಳದ ಮ್ಯಾಗನ ನಮ್ಮ ಮಕ್ಕಳು ಉಳದ್ವು. ಇಂಥಾ ದೊಡ್ಡ ಮನಸ್ಸಿನ ಮನಿಷಾನ್ನ ನಾವು ನೋಡಿಲ್ಲ. ಅಲ್ಲಾ ಇವರಿಗೆ ಛಲೋ ಮಾಡ್ಲಿ."

ಸಾಹೇಬರು ಆ ಬೊಬ್ಬೆ ಕೇಳಿಸಲೇ ಇಲ್ಲವೆಂಬಂತೆ ಟೋಪಿ ತೆಗೆದು ಗಾದಿಲಿಂಗಪ್ಪನವರ ಎರಡೂ ಕೈ ಹಿಡಿದುಕೊಂಡರು. "ಹಗೇವು ತುಂಬಿಟ್ಟವರನ್ನ ಭಾಳ ನೋಡೀನಿ ಯಜಮಾನ್ರ. ಖಾಲಿ ಮಾಡಿ ಊರಿಗೆ ಉಣಿಸಿದವ್ರನ್ನ ಇವತ್ತ ನೋಡಿದೆ. ನಾಳಿಂದ ನೀವು ನನ್ನ ಸಂಗಾಟ ಬರ್ರಿ. ಈ ಊರಾಗ ಯಾರ ಮನ್ಯಾಗ ಹಗೇವು ಅದಾವು, ನೀವಾ ತೋರಿಸಬೇಕು. ನಿಮ್ಮ ಮಾತು ಹೊರತು ನಾ ಯಾರ ಮಾತೂ ನಂಬೂದಿಲ್ಲ."

ನಿಜಾಮ ಸರಕಾರದ ಅಧಿಕಾರಿ ಟೋಪಿ ತೆಗೆದು ಕೇಳುವಾಗ ಒಲ್ಲೆ ಎನ್ನುವ ಗಂಡಸು ಯಲಬುರ್ಗಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಗಾದಿಲಿಂಗಪ್ಪ ತಲೆಯಾಡಿಸಿದರು.

ಹೊತ್ತು ಮುಳುಗುವ ಮೊದಲೇ ಮನೆಗೆ ಊರಿನ ಉಳ್ಳ ಮಂದಿ ಬರತೊಡಗಿದರು. ಒಬ್ಬೊಬ್ಬರೇ ಬಂದು, ಹಿಂದೆ ಮುಂದೆ ನೋಡಿ, ಕಿವಿಯಲ್ಲಿ ಹೇಳಿ ಹೋದರು. "ಯಪ್ಪಾ, ನಂದು ಹಿತ್ತಲ ತಿಪ್ಪಿ ಬಾಜೂಕ ಐತಿ, ಆ ಕಡೆ ಸಾಹೇಬ್ರನ್ನ ತರಬ್ಯಾಡ್ರಿ." "ನಂದು ಪಡಸಾಲ್ಯಾಗ ಐತ್ರಿ." ಎದುರುಮನೆಯ ಕಳಕಪ್ಪನಂತೂ ಕಾಲು ಹಿಡಿದುಕೊಂಡು, "ಮಾವಾ, ನಿನ್ನ ಕೈಯಾಗ ಐತಿ ನನ್ನ ಮಾನ," ಎಂದು ಬೇಡಿಕೊಂಡ. ತಮ್ಮ ಒಂದು ಖಾಲಿ ಹಗೇವಿನ ಗುಟ್ಟನ್ನು ಕಾಯಲಾಗದ ಗಾದಿಲಿಂಗಪ್ಪನವರ ಹೊಟ್ಟೆಯೊಳಗೆ ಈಗ ಊರಿನ ತುಂಬಿದ ಹಗೇವುಗಳೆಲ್ಲ ಬಂದು ಕೂತವು. ಎಲ್ಲರೂ ಹೋದ ಮೇಲೆ ಅವರು ಉಸಿರು ಬಿಟ್ಟು ಪಕ್ಕಕ್ಕೆ ನೋಡಿದರೆ, ಕಂಬಕ್ಕೆ ಆತುಕೊಂಡು ಹಂಪಿ ಕೂತಿದ್ದಳು. ಅವಳ ಕಣ್ಣು ಅರಳಿದ್ದವು.

"ಎಷ್ಟು ಹಗೇವಜ್ಜಾ!" ಎಂದಳು.

ಗಾದಿಲಿಂಗಪ್ಪ ಆ ಕ್ಷಣವೇ ಮಗನನ್ನು ಕರೆದರು. "ಬಾಲಾ, ನಸುಕಿನ್ಯಾಗ ಬಂಡಿ ಕಟ್ಟು. ಇಕಿನ್ನ ನವಲಿಗೆ ನಿಮ್ಮಕ್ಕನ ಮನಿಗೆ ಬಿಟ್ಟು ಬಾ. ಸಾಹೇಬ್ರು ಊರ ಬಿಡೂತನ ಅಲ್ಲೇ ಇರ್ಲಿ."

ನಸುಕಿನಲ್ಲಿ ಹೊರಡಬೇಕಾದ ಬಂಡಿ, ಬಾಲಪ್ಪನ ನಿದ್ದೆಯ ಕೃಪೆಯಿಂದ, ಹೊತ್ತೇರಿದ ಮೇಲೆ ಹೊರಟಿತು. ಅಷ್ಟರಲ್ಲಿ ಸಾಹೇಬರ ಕುದುರೆ ಓಣಿಗೆ ಬಂದಿತ್ತು. ಗಾದಿಲಿಂಗಪ್ಪ ಅವರಿಗೆ ಸಲಾಮು ಮಾಡುತ್ತ, ಬಂಡಿ ಬೇಗ ಮರೆಯಾಗಲೆಂದು ಬಯಸುತ್ತ ನಿಂತರು. ಎದುರುಮನೆಯ ಬಾಗಿಲಲ್ಲಿ ಕಳಕಪ್ಪನೂ ಕೈಮುಗಿದು ನಿಂತಿದ್ದ. ಬಂಡಿ ತಿರುವಿನ ತನಕ ಹೋಯಿತು. ಹಂಪಿ ಹಿಂದಕ್ಕೆ ತಿರುಗಿ, ಅಜ್ಜನ ಮನಸ್ಸಿಗೆ ಸಮಾಧಾನವಾಗಲೆಂದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು:

"ಅಜ್ಜಾ, ನೀ ಚಿಂತಿ ಮಾಡಬ್ಯಾಡ! ಕಳಕಪ್ಪಮಾವನ ಹಗೇವು ಎಮ್ಮಿ ಕಟ್ಟೋ ಗೂಟದ ಕೆಳಗೈತಿ ಅಂತ ನಾ ನವಲ್ಯಾಗ ಯಾರಿಗೂ ಹೇಳೂದಿಲ್ಲ!"

ಕಳಕಪ್ಪನ ಮುಗಿದ ಕೈ ಮುಗಿದಂತೆಯೇ ಉಳಿಯಿತು. ಸಾಹೇಬರು ಕುದುರೆಯಿಂದ ಇಳಿದು, ಮುಗುಳ್ನಕ್ಕು, "ನಡೀರಿ ಯಜಮಾನ್ರ, ಎಮ್ಮಿ ನೋಡೂಣು," ಎಂದರು. ಗಾದಿಲಿಂಗಪ್ಪ ಮುಖ ಮುಚ್ಚಿಕೊಳ್ಳಲು ಹೆಗಲಿಗೆ ಕೈ ಹಾಕಿದರು. ದಿನಾ ಹೊದೆಯುವ ವಲ್ಲಿ ಅಲ್ಲಿರಲಿಲ್ಲ. ಅದರಲ್ಲಿ ಮುದಕಮ್ಮ ಮೊಮ್ಮಗಳಿಗೆ ದಾರಿಯ ಬುತ್ತಿ ಕಟ್ಟಿ ಕಳಿಸಿಬಿಟ್ಟಿದ್ದಳು.