ವಿಸಲ್ ತಾತನ ಗುಣಗಾನ

ರಗಳೆ ಶುರುವಾದದ್ದು ಒಂದು ಬೋರ್ಡಿನಿಂದ. ವಾಲಿಬಾಲ್ ಕ್ಲಬ್ಬಿನ ಕಾರ್ಯದರ್ಶಿ ಬೆಳಬೆಳಿಗ್ಗೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ತಪ್ಪಣ್ಣನ ಮನೆಗೆ ಬಂದರು. ತಪ್ಪಣ್ಣ ಪ್ರೆಸ್ಸಿನ ಪ್ರೂಫ್ ರೀಡರ್. ಕಂಡಕಂಡವರ ತಪ್ಪು ತಿದ್ದಿ ತಿದ್ದಿ ಅದೇ ಹೆಸರಾಗಿತ್ತು. ಬೋರ್ಡಿನಲ್ಲಿ ಹೋದ ತಿಂಗಳು ತೀರಿಕೊಂಡ ಅವನ ಅಪ್ಪನ ಫೋಟೋ ಇತ್ತು. ಸದಾ ರೆಫ್ರಿಯ ವಿಸಲ್ ಊದುತ್ತಿದ್ದ ಅವರು ಕ್ಲಬ್ಬಿನವರ ಬಾಯಲ್ಲಿ ವಿಸಲ್ ತಾತ. ಕೆಳಗೆ ದಪ್ಪಕ್ಷರದಲ್ಲಿ: "ಕುಟುಂಬಕ್ಕೂ ಕ್ರೀಡೆಗೂ ಜೀವ ತೇದ ನಲ್ಮೆಯ ತಂದೆ, ಅಕ್ಕರೆಯ ತಾತ."

"ಮೊದಲನೇ ಪದ ಅಳಿಸಿ," ಅಂದ ತಪ್ಪಣ್ಣ. "ಕುಟುಂಬವಂತೆ! ಅಪ್ಪ ಮನೆಗೆ ಬರ್ತಿದ್ದಿದ್ದು ಉಣ್ಣೋಕೆ, ಮಲಗೋಕೆ."

"ಪೇಂಟು ಒಣಗಿಬಿಟ್ಟಿದೆ ಕಣಯ್ಯಾ. ಸಾಯಂಕಾಲ ಐದಕ್ಕೆ ಶ್ರದ್ಧಾಂಜಲಿ ಸಭೆ, ಕೊನೇಲಿ ನಿಂದೇ ಭಾಷಣ. ಹಾಂ, ಭಾನುವಾರ ಬೇಗ ಬಾ. ಮ್ಯಾಚಿದೆ, ಗೆರೆ ಹಾಕ್ಬೇಕು."

ಗೆರೆ! ಅಪ್ಪನ ಮಂಡಿ ಕೈಕೊಟ್ಟಾಗಿನಿಂದ, ಹನ್ನೆರಡು ವರ್ಷ, ಆ ಪೀಡೆ ತಪ್ಪಣ್ಣನ ಕೊರಳಿಗೆ ಬಿದ್ದಿತ್ತು. ಪ್ರತಿ ಭಾನುವಾರ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಬಲೆ ಕಟ್ಟಿ, ಮಧ್ಯಾಹ್ನ ಬಲೆ ಬಿಚ್ಚುವತನಕ ಕಾಯಬೇಕು. ಅಪ್ಪನೋ, ಕುರ್ಚಿಯಲ್ಲಿ ಕೂತು "ಗೆರೆ ಸೊಟ್ಟ!" ಎಂದು ಅರಚುತ್ತಿದ್ದರು. ಚೆಂಡು ಕಂಡರೆ ತಪ್ಪಣ್ಣನಿಗೆ ಮೈಯುರಿ. ಇವತ್ತು ಇದ್ದದ್ದು ಇದ್ದ ಹಾಗೆ ಹೇಳಿ ಆ ಋಣ ಹರಿದುಕೊಂಡರೆ ಇನ್ನು ಭಾನುವಾರವೆಲ್ಲ ಹೆಂಡತಿ, ಮಗಳ ಜೊತೆ ಇರಬಹುದು. ಪಾಪ, ಎಷ್ಟು ಹಂಬಲಿಸಿದ್ದಾರೋ!

"ನೋಡ್ತಿರು, ಇನ್ಮೇಲೆ ಭಾನುವಾರ ನಾನು ಮನೇಲೇ," ಎಂದು ಹೆಂಡತಿಗೆ ಸಾರಿದ. ಜೊತೆಗೆ ಟವೆಲ್ ಮಡಚಿದ್ದು ಸರಿಯಿಲ್ಲ ಎಂದ, ಮಗಳ ಅಕ್ಷರ ಕಾಗೆ ಕಾಲು ಎಂದ, ಡಬ್ಬಿಗಳು ಎತ್ತರದ ಪ್ರಕಾರ ನಿಂತಿಲ್ಲ ಎಂದ. ಹೆಂಡತಿ ಅತ್ತೆಯ ಮುಖ ನೋಡಿದಳು. ತಪ್ಪಣ್ಣನ ಅಮ್ಮ ಬಟಾಣಿ ಬಿಡಿಸುತ್ತಾ, "ಹೋಗಿ ಬಾಪ್ಪ," ಅಂದಳು ಅಷ್ಟೆ.

ಐದರ ಸಭೆ ಐದೂಮುಕ್ಕಾಲಿಗೆ ಕಣ್ಣುಬಿಟ್ಟಿತು. ಅಮ್ಮ, ಹೆಂಡತಿ, ಮಗಳೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸತ್ತವರ ಬಗ್ಗೆ ಸುಳ್ಳು ಹೇಳುವುದರಲ್ಲಿ ನಮ್ಮ ಜನಕ್ಕೆ ಎಂಥ ಪೈಪೋಟಿ! ಬದುಕಿದ್ದಾಗ ತಾತನನ್ನು ಕಂಡರೆ ಶೆಟರ್ ಎಳೆಯುತ್ತಿದ್ದ ಮೆಡಿಕಲ್ ಶಾಪಿನವನು ಈಗ "ದೇವರಂಥ ಮನುಷ್ಯ" ಎಂದು ಮೂಗೊರೆಸಿಕೊಂಡ. ಉಳಿದವರು ಅವನನ್ನೂ ಮೀರಿಸಿದರು. ಕೊನೆಗೆ ತಪ್ಪಣ್ಣ ಹಲ್ಲು ಕಚ್ಚಿಕೊಂಡು ಮೈಕಿನ ಮುಂದೆ ನಿಂತ.

"ನಾನು ಹುಟ್ಟಿದ ದಿನ ಅಪ್ಪ ಆಸ್ಪತ್ರೆಗೇ ಬರ್ಲಿಲ್ಲ. ಫೈನಲ್ ಮ್ಯಾಚಿತ್ತು."

ಜೋರು ಚಪ್ಪಾಳೆ.

"ಚಪ್ಪಾಳೆ ಯಾಕ್ರೀ? ಅಕ್ಕನ ಮದುವೆ ಫೋಟೋಗಳಲ್ಲಿ ಅಪ್ಪ ಇಲ್ಲ. ರೆಫ್ರಿ ಬಂದಿಲ್ಲ ಅಂತ ಇವರೇ ಎದ್ದು ಓಡಿದ್ರು!"

"ಅಬ್ಬಬ್ಬಾ, ಎಂಥ ತ್ಯಾಗ!" ಎಂದಿತು ಮುಂದಿನ ಸಾಲು.

"ತ್ಯಾಗ ಮಾಡಿದ್ದು ನಾವು! ಮೊಮ್ಮಗಳು ಎಷ್ಟನೇ ಕ್ಲಾಸು ಅಂತ್ಲೂ ಅವರಿಗೆ ಗೊತ್ತಿರ್ಲಿಲ್ಲ. ಸಾಯೋ ದಿನ ಅವಳ ಕೈ ಹಿಡ್ಕೊಂಡು ಕೇಳಿದ್ದು ಸ್ಕೋರು!"

ಮೆಡಿಕಲ್ ಶಾಪಿನವನು ಗೊಳೋ ಎಂದು ಅತ್ತುಬಿಟ್ಟ. ಹಾಳಾದ್ದು, ಬೈಯಲು ನಿಂತ ತಪ್ಪಣ್ಣನಿಗೂ ಅಪ್ಪ ಬೇಕೆನಿಸಿತು. ಆ ನಾಚಿಕೆಗೆ ಇನ್ನೂ ಜೋರಾಗಿ ಕಿರುಚಿದ: "ನಂಗೆ ಈ ಆಟ ಕಂಡ್ರೇ ಆಗಲ್ಲ! ಹನ್ನೆರಡು ವರ್ಷ ಅಪ್ಪನಿಗೆ ಹೆದರಿ ಗೆರೆ ಎಳೆದೆ. ಇನ್ನು ನನ್ನ ಬಿಟ್ಬಿಡಿ!"

ಕಾರ್ಯದರ್ಶಿ ಮೈಕು ಕಿತ್ತುಕೊಂಡರು. "ಕೇಳಿದ್ರಾ? ಆಟ ಇಷ್ಟ ಇರೋನು ಗೆರೆ ಎಳೆದ್ರೆ ಏನು ದೊಡ್ಡದು? ಇಷ್ಟ ಇಲ್ದೇ ಎಳೆದಿದ್ದಾರಲ್ಲ, ಇದು ಪಿತೃಭಕ್ತಿ! ಇವರನ್ನ ಜೀವನಪರ್ಯಂತ ಮೈದಾನದ ಉಸ್ತುವಾರಿಗೆ ನೇಮಿಸೋಣ. ಭಾನುವಾರ ಮಾತ್ರ ಯಾಕೆ, ಶನಿವಾರಾನೂ ಬರ್ಲಿ!"

ಸಭೆಗೆ ಸಭೆಯೇ ಕೈ ಎತ್ತಿತು. ತಪ್ಪಣ್ಣ ಬೆವೆತುಹೋದ. "ನನ್ನ ಹೆಂಡ್ತೀನ ಕೇಳಿ! ಪಾಪ, ನಾನು ಯಾವಾಗ ಬರ್ತೀನೋ ಅಂತ ಕಾಯ್ತಾ ಕೂತಿರ್ತಾಳೆ. ಅವಳು ಒಪ್ಪೋದೇ ಇಲ್ಲ!"

ಎಲ್ಲರೂ ಹಿಂತಿರುಗಿ ನೋಡಿದರು. ಹೆಂಡತಿಯ ಕೈ ಆಗಲೇ ಮೇಲಿತ್ತು. ಮಗಳಂತೂ ಎರಡೂ ಕೈ ಎತ್ತಿದ್ದಳು.

ತಪ್ಪಣ್ಣ ದಡದಡ ವೇದಿಕೆ ಇಳಿದು ಬಂದ. "ಏನೇ ಇದು?"

"ಬೇಜಾರು ಮಾಡ್ಕೋಬೇಡಿ ರೀ. ನಮಗೆ ಉಸಿರಾಡೋಕೆ ಸಿಗೋದು ಅದೊಂದೇ ದಿನ," ಅಂದಳು ಹೆಂಡತಿ ಮೆತ್ತಗೆ.

"ಅಮ್ಮಾ, ನೀನಾದ್ರೂ ಬುದ್ಧಿ ಹೇಳು! ಅಪ್ಪ ಮನೇಲಿಲ್ದೆ ನೀನೆಷ್ಟು ಕಷ್ಟಪಟ್ಟೆ!"

"ಯಾರು ಹೇಳಿದ್ದು?" ಅಂದಳು ಅಮ್ಮ, ಸೊಸೆಯ ಕೈ ತಟ್ಟುತ್ತಾ. "ಮದುವೆಯಾದ ಹೊಸದ್ರಲ್ಲಿ ನಿಮ್ಮಪ್ಪ ಚೆಂಡು ಮುಟ್ಟಿದೋರೇ ಅಲ್ಲ. ದಿನವಿಡೀ ಮನೇಲಿ ಕೂತು, ನಿನ್ನ ಥರಾನೇ, ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ಪ್ರಾಣ ತಿಂತಿದ್ರು. ಈ ಕ್ಲಬ್ಬಿನೋರ ಕೈಕಾಲು ಹಿಡಿದು ಸೇರಿಸಿದ್ದು ನಾನು. ಆಮೇಲೆ ಇವಳು ಬಂದು ನನ್ನ ಹತ್ರ ಅತ್ತಳು. ನಿಮ್ಮಪ್ಪನಿಗೆ ಹೇಳಿ ನಿನ್ನನ್ನ ಗೆರೆ ಎಳೆಯೋಕೆ ಹಚ್ಚಿದ್ದೂ ನಾನೇ ಕಣೋ."