ರಿವರ್ಸ್ ಬೀಳದ ಕಾರಿನಲ್ಲಿ ಹೆಣ್ಣು ನೋಡಲು

ಹೆಣ್ಣು ನೋಡಲು ಹೊರಟವರು ಜಾತಕ ನೋಡುತ್ತಾರೆ, ಮನೆತನ ನೋಡುತ್ತಾರೆ. ಗಾಡಿಗೆ ರಿವರ್ಸ್ ಬೀಳುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ನಾನೂ ನೋಡಲಿಲ್ಲ. ಎರಡು ವರ್ಷ ಶಾಲೆಗೆ ಹೋದವಳು, ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಗೇರು, ಕ್ಲಚ್ಚು ನನಗೇನು ಗೊತ್ತು? ಮಗ ನಾಗೇಶ ಬಾಡಿಗೆಗೆ ಓಡಿಸುವುದು ಹಳೆಯ ಡೀಸೆಲ್ ಕಾರು. ಅದರ ಗೇರಿನ ಕೋಲು ಸವೆದು ಸವೆದು, ಸಾರಿನಲ್ಲಿ ಬಿಟ್ಟ ಸೌಟಿನಂತೆ ಎತ್ತ ಬೇಕಾದರೂ ವಾಲುತ್ತಿತ್ತು. ಕೋಲಿನ ಬುಡದ ರಬ್ಬರ್ ಬುಶ್ಶು ಹುಬ್ಬಳ್ಳಿಯಿಂದ ಬರಬೇಕು ಎಂದಿದ್ದ ಕಾರವಾರದ ಮೇಸ್ತ್ರಿ, ಮೊಬೈಲಿಗೆ ಫೋನ್ ಮಾಡಿದಾಗಲೆಲ್ಲ "ನಾಳೆ" ಎನ್ನುತ್ತಿದ್ದ.

ಅಷ್ಟರೊಳಗೆ ನಾವು ನೋಡಿದ ಮನೆಗಳಿಗೆ ಲೆಕ್ಕವಿಲ್ಲ. ಎಲ್ಲ ಕಡೆ ಅದೇ ಅವಲಕ್ಕಿ, ಅದೇ ಚಾ, ಅದೇ ನನ್ನ ಮೊಣಕಾಲು ನೋವು. "ಇದೇ ಕಡೇ ಮನೆ ಅವ್ವಾ, ಇನ್ನು ನಾ ಬರುದಿಲ್ಲ" ಎಂದು ಹೇಳಿಯೇ ನಾಗೇಶ ನಮ್ಮೂರು ಅವರ್ಸೆಯಿಂದ ಗಾಡಿ ಬಿಟ್ಟಿದ್ದ. ಬೊಬ್ರುವಾಡದಲ್ಲಿ ಹುಡುಗಿಯ ಅಪ್ಪ, "ರಸ್ತೆ ಮೇಲೆ ಎಂತಕೆ? ಅಂಗಳಕ್ಕೇ ತನ್ನಿ" ಎಂದು ಬಾವಿಗೂ ತೆಂಗಿನಮರಕ್ಕೂ ನಡುವೆ ಕಾರು ತರಿಸಿದರು. ಹುಡುಗಿ ಸುಮಿತ್ರಾ ಚಾ ಕೊಟ್ಟು ತಲೆ ತಗ್ಗಿಸಿ ಕೂತಳು. ಏನು ಕೇಳಿದರೂ "ಹೂಂ" ಅಷ್ಟೇ. ನನ್ನ ಮಗನೂ ನೆಲ ನೋಡುತ್ತ ಕೂತ. ಗಂಡ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತಾಡುವವಳು ನಾನೊಬ್ಬಳೇ. ಬಾಯಿಲ್ಲದ ಇನ್ನೊಬ್ಬಳನ್ನು ತಂದು ಏನು ಮಾಡಲಿ? "ಹೋಗಿ ತಿಳಿಸ್ತೇವೆ" ಎಂದು ಎದ್ದೆ. ಹಾಗೆಂದರೆ ಬೇಡವೆಂದೇ ಅರ್ಥ. ಅವಳ ಅವ್ವನ ಮುಖ ಸಣ್ಣಗಾಯಿತು.

ಗಾಡಿ ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ತೆಗೆಯಬೇಕು; ಹೊರಡಲು ನೋಡಿದರೆ ರಿವರ್ಸ್ ಬೀಳಲಿಲ್ಲ. ಎಳೆದ ರಭಸಕ್ಕೆ ಉಳಿದಿದ್ದ ಬುಶ್ಶೂ ಪುಡಿಯಾಗಿ ಉದುರಿತು. ಬೇಡವೆಂದವರ ಅಂಗಳದಲ್ಲೇ ಸಿಕ್ಕಿಕೊಂಡೆವು. ನಾಗೇಶ ಇಸ್ತ್ರಿ ಅಂಗಿ ಕಳಚಿ ಕಾರಿನಡಿ ಸೇರಿದ. ನನ್ನ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದು, ತೂತು ಮಾಡಿ, ಬುಶ್ಶಿನ ಜಾಗಕ್ಕೆ ತುರುಕುವುದು ಅವನ ಉಪಾಯ. "ಯಾರಾದ್ರೂ ಒಳಗೆ ಕೂತು ಗೇರ್ ಹಿಡೀರಿ!" ಎಂದು ಕೂಗಿದ. ಅವಳಪ್ಪ ಚಕ್ರಕ್ಕೆ ಕೊಡಲು ಕಲ್ಲು ಹುಡುಕುತ್ತಿದ್ದರು. ಸುಮಿತ್ರಾ ಸೆರಗು ಸಿಕ್ಕಿಸಿ ಹತ್ತಿದಳು.

"ಮುಂದೆ ತಳ್ಳಿ!"

"ತಳ್ಳಿದೆ!"

"ತಳ್ಳಲಿಲ್ಲ, ಎಳೆದ್ರಿ. ನನ್ನ ಬೆರಳು ಹೋಯ್ತು!"

"ಅಡ್ಡ ಮಲಗಿದವ್ರಿಗೆ ಮುಂದೆ ಯಾವ್ದು, ಹಿಂದೆ ಯಾವ್ದು ಮರಾಯ್ರೆ? ಸರಿಯಾಗಿ ಹೇಳಿ."

"ಬಾಯಿ ಸಾಕು, ಕೈ ಗಟ್ಟಿ ಹಿಡೀರಿ!"

"ಕೈ ಗಟ್ಟಿಯೇ ಇದೆ. ಇಂಥಾ ಗಾಡಿಲಿ ಹೆಣ್ಣು ನೋಡುಕೆ ಬತ್ತಾರಾ ಯಾರಾದ್ರೂ? ಬಸ್ಸಿಗೆ ಬರುಕಾಗ್ತಿರಲಿಲ್ವಾ?"

ಕಾರಿನಡಿಯಿಂದ ನಗು ಬಂತು. ನನ್ನ ಮಗನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಕಡೆಗೆ ರಿವರ್ಸ್ ಬಿತ್ತು. ಅವಳ ಅವ್ವ ಮೆಲ್ಲಗೆ, "ಹಂಗಾರೆ ತಿಳಿಸ್ತ್ರಿ ಅಲ್ವಾ?" ಎಂದರು. "ತಿಳಿಸುದು ಎಂತದು, ಒಳ್ಳೇ ದಿನ ನೋಡಿ" ಎಂದೆ.

ಮದುವೆಯಾಗಿ ಬಂದವಳೂ ಅವನೂ ಬೆಳಗ್ಗೆ ಎದ್ದರೆ ಶುರು. ಗಾಡಿಯ ಟಯರಿನಿಂದ ಬಂಗಡೆ ಸಾರಿನ ಹುಳಿಯವರೆಗೆ ಇಬ್ಬರಿಗೂ ಮಾತು ಮುಗಿಯುವುದಿಲ್ಲ. ನಡುವೆ ನಾನು ಬಾಯಿ ತೆರೆದರೆ, "ಅತ್ತೆ, ತಡೀರಿ, ಇವ್ರದ್ದು ಮುಗೀಲಿ" ಎನ್ನುತ್ತಾಳೆ. ಮಾತಿನವಳೇ ಬೇಕೆಂದು ಆರಿಸಿದವಳು ನಾನು, ಯಾರಿಗೆ ದೂರಲಿ? ಹೇಳಲು ಸಂದು ಸಿಗದೆ ಹೀಗೆ ಬರೆಯುತ್ತ ಕೂತಿದ್ದೇನೆ. ಅರ್ಧ ಅಕ್ಷರ ಮರೆತೇಹೋಗಿದೆ.